ಕೊನೆಗೆ ಬಂದ ತಂಡವನ್ನು ಕೆಳಗಿಳಿಸಬೇಕಾ?

ಪ್ರಶ್ನೆ: 2025ರ ಜೂನ್‌ನಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗನ್ನು ಮಗನ ಜೊತೆ ಕೂತು ಟಿವಿಯಲ್ಲಿ ನೋಡಿದೆ. ಆರೇ ತಂಡ, ಎರಡು ವಾರದಲ್ಲಿ ಮುಗಿದೇ ಹೋಯಿತು. ಫುಟ್‌ಬಾಲ್‌ನ ಹಾಗೆ ಕೊನೆಗೆ ಬಂದ ತಂಡ ಕೆಳಗಿನ ಲೀಗ್‌ಗೆ ಹೋಗಬೇಕಲ್ವಾ ಅಂತ ಅವನ ತಕರಾರು. ವೃತ್ತಿಪರ ಕ್ಲಬ್ ರಗ್ಬಿ ಲೀಗ್ ಹೇಗಿದ್ದರೆ ಸರಿ ಸರ್?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಮಗನ ಪ್ರಶ್ನೆ ಚೆನ್ನಾಗಿದೆ. ಆದರೆ ಅದಕ್ಕಿಂತ ಮೊದಲು ಇನ್ನೊಂದು ಕೇಳಬೇಕು. ಕೆಳಗಿಳಿದ ತಂಡ ಅಲ್ಲಿ ಬದುಕುತ್ತಾ?

ಕೊನೆಗೆ ಬಂದವರು ಇಳಿಯೋದು, ಕೆಳಗೆ ಗೆದ್ದವರು ಏರೋದು. ಆಫೀಸಿನ ಮಾತಲ್ಲಿ ಬಡ್ತಿ, ಹಿಂಬಡ್ತಿ ಅನ್ನೋಣ. ರಗ್ಬಿಯಲ್ಲಿ ಇದನ್ನು ಚೆನ್ನಾಗಿ ನಡೆಸಿಕೊಂಡು ಬಂದಿರೋದು ಫ್ರಾನ್ಸ್. ಅಲ್ಲಿನ ಟಾಪ್ 14 ಲೀಗ್‌ನಲ್ಲಿ ಹೆಸರಿಗೆ ತಕ್ಕಂತೆ 14 ತಂಡ. ಉಳಿದ 13 ತಂಡಗಳ ಜೊತೆ ತಮ್ಮೂರಲ್ಲೊಂದು, ಅವರೂರಲ್ಲೊಂದು, ಒಟ್ಟು 26 ಪಂದ್ಯ. ಮೊದಲ ಆರು ತಂಡ ನಾಕೌಟ್‌ಗೆ. 14ನೆಯದು ನೇರವಾಗಿ ಕೆಳಗಿನ ಪ್ರೊ ಡಿ2 ಲೀಗ್‌ಗೆ. 13ನೇ ತಂಡ ಮಾತ್ರ ಪ್ರೊ ಡಿ2 ಫೈನಲ್‌ನಲ್ಲಿ ಸೋತವರ ಜೊತೆ ಒಂದು ಪಂದ್ಯ ಆಡಿ ಜಾಗ ಉಳಿಸಿಕೊಳ್ಳಬಹುದು. ಆ ಪಂದ್ಯದ ಬಿಸಿ ಎಷ್ಟೋ ಸಲ ಫೈನಲ್‌ಗಿಂತ ಜಾಸ್ತಿ.

ಅಲ್ಲಿ ಇದು ನಡೆಯೋಕೆ ಕಾರಣ ಕೆಳಗಿನ ಲೀಗ್ ಗಟ್ಟಿಯಾಗಿರೋದು. ಅಲ್ಲೂ 16 ತಂಡ, ಅಲ್ಲೂ ಟಿವಿ, ಅಲ್ಲೂ ಜನ. ಇನ್ನೊಂದು ವಿಷಯ. ಕ್ಲಬ್‌ಗಳ ಜಮಾಖರ್ಚು ನೋಡೋಕೆಂದೇ ಅಲ್ಲೊಂದು ಮಂಡಳಿ ಇದೆ. ಲೆಕ್ಕ ಹದಗೆಟ್ಟಿದ್ದರೆ ಮೈದಾನದಲ್ಲಿ ಗೆದ್ದ ತಂಡವನ್ನೂ ಅದು ಕೆಳಗಿಳಿಸಬಹುದು.

ಲೆಕ್ಕ ನೋಡದಿದ್ದರೆ ಏನಾಗುತ್ತೆ ಅನ್ನೋಕೆ ಇಂಗ್ಲೆಂಡಿನ ವಾಸ್ಪ್ಸ್ ಕ್ಲಬ್ ಸಾಕು. 1867ರಲ್ಲಿ ಹುಟ್ಟಿದ್ದು, ಎರಡು ಸಲ ಯುರೋಪ್ ಚಾಂಪಿಯನ್. 2014ರಲ್ಲಿ ಹಳೇ ನೆಲೆ ಬಿಟ್ಟು ಕೊವೆಂಟ್ರಿಗೆ ಹೋಯಿತು, ಅಲ್ಲಿ ದೊಡ್ಡ ಸ್ಟೇಡಿಯಂ ತಗೊಂಡಿತು. ಬಾಂಡ್ ಮಾರಿ 3.5 ಕೋಟಿ ಪೌಂಡ್ ಸಾಲ ಎತ್ತಿತು. 2022ರಲ್ಲಿ ಸಾಲ ತೀರಿಸೋ ದಿನ ಬಂತು, ಕೈಯಲ್ಲಿ ದುಡ್ಡಿರಲಿಲ್ಲ. ಅಕ್ಟೋಬರ್‌ನಲ್ಲಿ ಆಟಗಾರರು, ಕೋಚ್‌ಗಳು, ಆಫೀಸಿನವರು ಎಲ್ಲರೂ ಒಂದೇ ದಿನ ಕೆಲಸ ಕಳೆದುಕೊಂಡರು. ಆ ಸೀಸನ್ನಿನಲ್ಲೇ ವೂಸ್ಟರ್ ಕೂಡ ಹೋಯಿತು, 2023ರ ಜೂನ್‌ನಲ್ಲಿ ಲಂಡನ್ ಐರಿಷ್. 13 ತಂಡಗಳ ಲೀಗ್ 10ಕ್ಕೆ ಇಳಿಯಿತು. ಈ ಮೂರರಲ್ಲಿ ಒಂದೂ ಆಟದಲ್ಲಿ ಸೋತು ಕೆಳಗೆ ಹೋದದ್ದಲ್ಲ. ಕಾಟನ್ ಮಿಲ್‌ಗಳಿಗೆ ಬೀಗ ಬಿದ್ದ ಕಾಲ ನೋಡಿದ ನಮ್ಮೂರ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ತಂಡಗಳ ಸಂಖ್ಯೆ. ನಾನು ಹಿಂದೊಮ್ಮೆ ಒಂದು ಕಬಡ್ಡಿ ಟೂರ್ನಮೆಂಟ್‌ಗೆ ಕೈ ಹಾಕಿದ್ದೆ. ನಾಕೌಟ್ ಇಟ್ಟೆವು. ಜಗಳೂರು ಕಡೆಯಿಂದ ಟೆಂಪೋ ಮಾಡಿಕೊಂಡು ಬಂದ ಹುಡುಗರು ಮುಕ್ಕಾಲು ಗಂಟೆಯಲ್ಲಿ ಸೋತು, ಮಂಡಕ್ಕಿ ಮಿರ್ಚಿ ತಿಂದು ವಾಪಸ್ ಹೊರಟರು. ಪಾಪ ಅನ್ನಿಸಿ ಮುಂದಿನ ವರ್ಷ ಎಲ್ಲರಿಗೂ ಎಲ್ಲರ ಜೊತೆ ಪಂದ್ಯ ಇಟ್ಟೆವು. ರಾತ್ರಿ ಎರಡು ಗಂಟೆಯಾದರೂ ಮುಗಿಯಲಿಲ್ಲ. ಸೆಮಿಫೈನಲ್ ಹೊತ್ತಿಗೆ ಹುಡುಗರು ಕುಂಟುತ್ತಾ ಅಂಕಣಕ್ಕೆ ಇಳಿದರು. ರಗ್ಬಿಯಲ್ಲಿ ಈ ಕಷ್ಟ ಇನ್ನೂ ಜಾಸ್ತಿ. 15 ಜನರ ಆಟ, 80 ನಿಮಿಷ, ಮೈಗೆ ಮೈ ಡಿಕ್ಕಿ. ವಾರಕ್ಕೆ ಒಂದಕ್ಕಿಂತ ಹೆಚ್ಚು ಪಂದ್ಯ ಆಡಿಸೋಕೆ ಆಗಲ್ಲ. ಅದಕ್ಕೇ ನನ್ನ ಲೆಕ್ಕ 10 ಅಥವಾ 12 ತಂಡ. 12 ಇದ್ದರೆ 22 ಪಂದ್ಯ, ಆಮೇಲೆ ನಾಕೌಟ್. 14 ತಂಡ ಫ್ರಾನ್ಸಿನಂಥ ರಗ್ಬಿ ದೇಶಕ್ಕೆ ಸರಿ.

ತಂಡ ಜಾಸ್ತಿಯಾದರೆ ಅಂಕಪಟ್ಟಿಯೂ ಗೋಜಲಾಗುತ್ತೆ. ದಕ್ಷಿಣ ಗೋಳಾರ್ಧದ ದೇಶಗಳ ಸೂಪರ್ ರಗ್ಬಿ ಲೀಗ್ 1996ರಲ್ಲಿ 12 ತಂಡಗಳಿಂದ ಶುರುವಾಗಿ, 2016ಕ್ಕೆ 18 ಆಯಿತು. ಎಲ್ಲರೂ ಎಲ್ಲರ ಜೊತೆ ಆಡೋಕೆ ವಾರಗಳು ಸಾಲದೆ ಗುಂಪು ಮಾಡಿದರು. ಆ ವರ್ಷ ಆಸ್ಟ್ರೇಲಿಯಾ ಗುಂಪಲ್ಲಿ ಮೊದಲು ಬಂದ ಬ್ರಂಬೀಸ್ ತಂಡಕ್ಕೆ 43 ಅಂಕ, ನ್ಯೂಜಿಲೆಂಡಿನ ಹೈಲ್ಯಾಂಡರ್ಸ್‌ಗೆ 52. ಆದರೂ ಗುಂಪಿಗೆ ಮೊದಲು ಬಂದದ್ದಕ್ಕೆ ಇವರಿಬ್ಬರ ಕ್ವಾರ್ಟರ್ ಫೈನಲ್ ನಡೆದದ್ದು ಬ್ರಂಬೀಸ್ ಊರಲ್ಲಿ! ಹೈಲ್ಯಾಂಡರ್ಸ್ ಅಲ್ಲೇ ಹೋಗಿ ಗೆದ್ದು ಬಂತು ಬಿಡಿ. ನೋಡೋರಿಗೆ ಅರ್ಥವಾಗದ ಅಂಕಪಟ್ಟಿ ಇಟ್ಟುಕೊಂಡು ಟಿಕೆಟ್ ಮಾರೋದು ಕಷ್ಟ. ಈಗ ಆ ಲೀಗ್‌ನಲ್ಲಿ ದಕ್ಷಿಣ ಆಫ್ರಿಕಾದ ತಂಡಗಳೇ ಇಲ್ಲ.

ನಮ್ಮ ದೇಶಕ್ಕೆ ಬಂದರೆ, ಸದ್ಯ ಹಿಂಬಡ್ತಿ ಮಾತೇ ಬೇಡ. ನೀವು ನೋಡಿದ್ದು ತಲಾ ಏಳು ಜನರ ಆಟ, ಅಷ್ಟೂ ಪಂದ್ಯ ಮುಂಬೈನಲ್ಲೇ. ಬೆಂಗಳೂರು ತಂಡವೂ ಬೆಂಗಳೂರಲ್ಲಿ ಆಡಲಿಲ್ಲ. ಕೆಳಗೆ ಲೀಗೇ ಇಲ್ಲದಾಗ ಯಾರನ್ನು ಎಲ್ಲಿಗೆ ಇಳಿಸೋದು? ಆ ಆರು ತಂಡ ಹಾಗೇ ಇರಲಿ, ಸಂಬಳಕ್ಕೆ ಮಿತಿ ಇರಲಿ. ಆದರೆ ಬರುವ ದುಡ್ಡಲ್ಲಿ ಒಂದು ಪಾಲು ಕೆಳಗಿನ ಊರುಗಳಿಗೆ ಹೋಗಲಿ. ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ಹಿಡಿಯೋ ಹುಡುಗರ ಕುತ್ತಿಗೆ, ಹೆಗಲು ನೋಡಿದ್ದೀರಲ್ಲ? ರಗ್ಬಿಯ ಸ್ಕ್ರಮ್‌ಗೆ, ಅಂದರೆ ಎರಡೂ ತಂಡದವರು ಬಗ್ಗಿ ಹೆಗಲು ಕೊಟ್ಟು ಚೆಂಡಿಗಾಗಿ ತಳ್ಳಾಡೋದಕ್ಕೆ, ಬೇಕಾದದ್ದು ಅದೇ. ಕೆಳಗೆ ಎಂಟು ಹತ್ತು ತಂಡ ಸಾಲ ಇಲ್ಲದೆ ನಾಲ್ಕೈದು ವರ್ಷ ನಡೆದ ಮೇಲೆ ಜಪಾನ್ ದಾರಿ ಹಿಡಿಯಬಹುದು. 2022ರಲ್ಲಿ ಶುರುವಾದ ಅವರ ಲೀಗ್ ಒನ್‌ನಲ್ಲಿ ಮೂರು ಡಿವಿಷನ್. ಮೇಲಿನ ಡಿವಿಷನ್‌ನಲ್ಲಿ ಹಿಂದೆ ಬಿದ್ದವರು ಕೆಳಗೆ ಮುಂದೆ ಬಂದವರ ಜೊತೆ ಆಡಿ ಜಾಗ ಉಳಿಸಿಕೊಳ್ಳಬೇಕು. ಮಗನಿಗೂ ಇದು ಒಪ್ಪಿಗೆಯಾಗಬಹುದು.

ಪ್ರಶ್ನೆ: ಸೋತ ತಂಡಕ್ಕೂ ಅಂಕ ಕೊಡ್ತಾರಂತೆ. ಇದೆಂಥ ನ್ಯಾಯ?
– ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಗೆದ್ದರೆ 4, ಡ್ರಾ ಆದರೆ 2. ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ನೆಲಕ್ಕೆ ಒತ್ತಿದರೆ ಅದು ಟ್ರೈ; ನಾಲ್ಕು ಟ್ರೈ ಹೊಡೆದರೆ ಬೋನಸ್ 1. ಏಳು ಅಥವಾ ಕಡಿಮೆ ಅಂತರದಲ್ಲಿ ಸೋತರೂ 1. ಸಾಮಾನ್ಯ ಪದ್ಧತಿ ಇದು. ಸೋಲು ಖಾತ್ರಿಯಾದ ಮೇಲೂ ಆಡೋಕೆ ಒಂದು ಕಾರಣ ಇರಲಿ ಅಂತ. ನನಗೆ ಇಷ್ಟ ಫ್ರಾನ್ಸಿನ ಲೆಕ್ಕ. ಅಲ್ಲಿ ಸೋಲಿನ ಅಂತರ ಐದರೊಳಗೆ ಇರಬೇಕು, ಟ್ರೈ ಬೋನಸ್ ಬೇಕಾದರೆ ಎದುರಾಳಿಗಿಂತ ಮೂರು ಟ್ರೈ ಜಾಸ್ತಿ ಇರಬೇಕು. ನಾಲ್ಕು ಟ್ರೈ ಹೊಡೆದು ಬೋನಸ್ ಗಿಟ್ಟಿಸಿಕೊಂಡ ತಂಡ 79ನೇ ನಿಮಿಷದಲ್ಲಿ ಎರಡನೇ ಟ್ರೈ ಬಿಟ್ಟುಕೊಟ್ಟರೆ ಬೋನಸ್ ಹೋಯಿತು. ಪಂದ್ಯ ಗೆದ್ದೂ ಕೋಚ್ ಮುಖ ಸಿಂಡರಿಸಿಕೊಂಡು ಹೊರಗೆ ಬರೋದು ಆವಾಗಲೇ.