ಮಾಸ್ಟ್ರನ್ನು ಕೇಳಿ: ದಾಲ್ ಚೆನ್ನಾಗಿಲ್ಲ ಅಂತ ದಂಗೆಯೇ?

ಪ್ರಶ್ನೆ: ಮಾಸ್ಟ್ರೇ, ನನ್ನ ಮಗ ಕಾಲೇಜಿನಲ್ಲಿ 1946ರ ಮುಂಬಯಿ ನಾವಿಕರ ದಂಗೆಯ ಪಾಠ ಕೇಳಿ ಬಂದಿದ್ದಾನೆ. "ಊಟ ಸರಿಯಿಲ್ಲ ಅಂತ ಮಾಡಿದ ಗಲಾಟೆ ಅಮ್ಮ, ಅದಕ್ಕೆ ಸ್ವಾತಂತ್ರ್ಯ ಹೋರಾಟ ಅಂತಾರೆ" ಎಂದು ನಗುತ್ತಾನೆ. ಅವನಿಗೆ ಏನು ಹೇಳಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಕ್ಕಾ, ನಿಮ್ಮ ಮಗ ಎಂದಾದರೂ ಹಾಸ್ಟೆಲಿನಲ್ಲಿ ಇದ್ದದ್ದುಂಟೇ? ಇದ್ದಿದ್ದರೆ ನಗುತ್ತಿರಲಿಲ್ಲ. ನಾನು ಫೋರ್ಟಿನ ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ಶಾಲೆಯಲ್ಲಿ ಓದಿದವ. ಗಿರಾಕಿಗೆ ಬಿಸಿ ಸಾಂಬಾರು, ನಮಗೆ ನಿನ್ನೆಯದು. ಹೊಟ್ಟೆ ಹೇಗೋ ತುಂಬುತ್ತಿತ್ತು. ಆದರೆ ಆ ತಟ್ಟೆ ನೋಡಿದಾಗ ನಮ್ಮ ಬೆಲೆ ಎಷ್ಟು ಅಂತ ಗೊತ್ತಾಗುತ್ತಿತ್ತು.

ಕೊಲಾಬಾದಲ್ಲಿ 'ತಲ್ವಾರ್' ಎಂಬ ನೌಕಾಪಡೆಯ ಸಿಗ್ನಲ್ ಶಾಲೆಯಿತ್ತು, ಅಂದರೆ ಸಂದೇಶ ಕಳಿಸುವ ಕೆಲಸ ಕಲಿಸುವ ಜಾಗ. ಹೆಸರು ಹಡಗಿನದು, ಇದ್ದದ್ದು ನೆಲದ ಮೇಲೆ. ಅಲ್ಲಿದ್ದವರು ಓದು ಬರಹ ಬಲ್ಲ ಹುಡುಗರು. ಮಹಾಯುದ್ಧದಲ್ಲಿ ಬ್ರಿಟಿಷ್ ನಾವಿಕರ ಜೊತೆಗೇ ದುಡಿದವರು. ಸಂಬಳ ಮಾತ್ರ ಅವರಿಗಿಂತ ಕಡಿಮೆ, ಊಟವೂ ಕಳಪೆ. ಯುದ್ಧ ಮುಗಿದಿತ್ತು, ಇನ್ನು ಮನೆಗೆ ಕಳಿಸುತ್ತಾರೆ ಎಂಬ ಚಿಂತೆ ಬೇರೆ. ಅದೇ ಹೊತ್ತಿಗೆ ದೆಹಲಿಯ ಕೆಂಪುಕೋಟೆಯಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿದ ಸುಭಾಷರ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ ನಡೆದಿತ್ತು. ದೇಶವೆಲ್ಲ ಅದನ್ನೇ ಮಾತಾಡುತ್ತಿತ್ತು. ಸಮವಸ್ತ್ರ ಹಾಕಿದವರ ಕಿವಿಗೆ ಅದು ಬೀಳದೆ ಇರುತ್ತದೆಯೇ? 1945ರ ಡಿಸೆಂಬರಿನಲ್ಲೇ ತಲ್ವಾರ್‌ನ ಗೋಡೆಗಳ ಮೇಲೆ 'ಕ್ವಿಟ್ ಇಂಡಿಯಾ', 'ಜೈ ಹಿಂದ್' ಬರಹ ಕಾಣಿಸಿತು. ಬರೆದವರಲ್ಲಿ ಬಿ.ಸಿ. ದತ್ತ ಎಂಬ ಬಂಗಾಳದ ಹುಡುಗ ಫೆಬ್ರವರಿಯಲ್ಲಿ ಸಿಕ್ಕಿಬಿದ್ದ.

ಆಮೇಲೆ ತಲ್ವಾರ್‌ನ ಕಮಾಂಡರ್ ಕಿಂಗ್ ಎಂಬ ದೊಡ್ಡ ಸಾಹೇಬ ಹುಡುಗರನ್ನು 'ಕೂಲಿಗಳ ಮಕ್ಕಳು' ಅಂತೆಲ್ಲ ಬೈದ. ಹುಡುಗರು ಕ್ರಮದ ಪ್ರಕಾರ ದೂರು ಕೊಟ್ಟರು. ನ್ಯಾಯ ಸಿಗಲಿಲ್ಲ. ನಿಮ್ಮ ಮಗನಿಗೆ ಇದನ್ನು ಒತ್ತಿ ಹೇಳಿ. ದಾಲ್ ಕೆಟ್ಟರೆ ದಂಗೆ ಏಳುವುದಿಲ್ಲ. ದಾಲ್ ಕೆಟ್ಟಿದೆ ಅಂತ ಹೇಳಿದವನಿಗೆ ಬೈಗುಳ ಸಿಕ್ಕರೆ ಏಳುತ್ತದೆ.

ಫೆಬ್ರವರಿ 18ರ ಬೆಳಿಗ್ಗೆ ತಲ್ವಾರ್‌ನಲ್ಲಿ ಯಾರೂ ತಟ್ಟೆ ಮುಟ್ಟಲಿಲ್ಲ. ಊಟವಿಲ್ಲದಿದ್ದರೆ ಕೆಲಸವೂ ಇಲ್ಲ ಎಂದರು. ನೋಡನೋಡುತ್ತ ಕರಾಚಿಯವರೆಗೆ ಹಬ್ಬಿತು. 78 ಹಡಗುಗಳು, ಸುಮಾರು 20,000 ನಾವಿಕರು. ಹಡಗುಗಳ ಮೇಲಿನ ಬ್ರಿಟಿಷ್ ಬಾವುಟ ಇಳಿಸಿ ಕಾಂಗ್ರೆಸ್, ಮುಸ್ಲಿಂ ಲೀಗ್, ಕಮ್ಯುನಿಸ್ಟರ ಬಾವುಟಗಳನ್ನು ಒಟ್ಟಿಗೆ ಏರಿಸಿದರು. ಮುಷ್ಕರ ಸಮಿತಿಗೆ ಎಂ.ಎಸ್. ಖಾನ್ ಅಧ್ಯಕ್ಷ, ಮದನ್ ಸಿಂಗ್ ಉಪಾಧ್ಯಕ್ಷ. ಅವರ ಬೇಡಿಕೆ ಪಟ್ಟಿ ಹುಡುಕಿ ಓದಿಸಿ. ಒಳ್ಳೆ ಊಟ, ಸಮಾನ ಸಂಬಳ ಇದೆ. ಅದರ ಪಕ್ಕದಲ್ಲೇ ಆಜಾದ್ ಹಿಂದ್ ಫೌಜಿನ ಕೈದಿಗಳನ್ನು ಬಿಡಿ, ಇಂಡೋನೇಷ್ಯಾದ ಸ್ವಾತಂತ್ರ್ಯ ಹೋರಾಟದ ವಿರುದ್ಧ ಬ್ರಿಟಿಷರು ಕಳಿಸಿದ್ದ ನಮ್ಮ ಸೈನಿಕರನ್ನು ವಾಪಸ್ ಕರೆಸಿ ಅಂತಲೂ ಇದೆ. ಬರೀ ಊಟದ ಜಗಳವಾದರೆ ಇಂಡೋನೇಷ್ಯಾ ಎಲ್ಲಿಂದ ಬಂತು, ಅಲ್ವಾ?

21ರಂದು ಫೋರ್ಟಿನಲ್ಲಿ ನಾವಿಕರ ವಸತಿಯಾಗಿದ್ದ ಕ್ಯಾಸಲ್ ಬ್ಯಾರಕ್ಸ್‌ನಲ್ಲಿ ಸೈನಿಕರಿಗೂ ನಾವಿಕರಿಗೂ ನಡುವೆ ಗುಂಡು ಹಾರಿತು. ಮುಂಬಯಿಯ ಜನ ಗೇಟ್‌ವೇ ಹತ್ತಿರ ಬಂದು ನಾವಿಕರಿಗೆ ತಿಂಡಿ, ಹಣ್ಣು ಕೊಟ್ಟರು. ಹೋಟೆಲಿನವನಾದ ನನಗೆ ಇಡೀ ಕತೆಯಲ್ಲಿ ಜಾಸ್ತಿ ಇಷ್ಟ ಈ ಭಾಗವೇ. ಮರುದಿನ ನಗರ ಬಂದ್. ಗಿರಣಿ ಕೆಲಸಗಾರರು ಬೀದಿಗೆ ಬಂದರು. ಬೀದಿಗಳಲ್ಲಿ ಸತ್ತವರು ಇನ್ನೂರಕ್ಕೂ ಜಾಸ್ತಿ.

ದೊಡ್ಡ ನಾಯಕರು ಬೆಂಬಲಿಸಲಿಲ್ಲ. ಕಾಂಗ್ರೆಸ್ಸಿನ ಸಮಾಜವಾದಿ ನಾಯಕಿ ಅರುಣಾ ಅಸಫ್ ಅಲಿ ಮಾತ್ರ ನಾವಿಕರ ಪರ ನಿಂತರು. ವಲ್ಲಭಭಾಯಿ ಪಟೇಲರು ಶರಣಾಗಿ ಎಂದರು. 23ರಂದು ನಾವಿಕರು ಶರಣಾದರು. ಸೈನ್ಯದ ಶಿಸ್ತು ಕೆಡಬಾರದು ಎಂಬ ಪಟೇಲರ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ, ಮನಸ್ಸು ಒಪ್ಪುವುದಿಲ್ಲ. ಈ ದಂಗೆಯಿಂದಲೇ ಬ್ರಿಟಿಷರು ಹೋದರು ಅಂತ ಕೆಲವರು ಹೇಳುವುದೂ ಅತಿಯೇ. ಅಧಿಕಾರ ಬಿಟ್ಟುಕೊಡುವ ಮಾತುಕತೆಗೆ ಬ್ರಿಟಿಷ್ ಮಂತ್ರಿಗಳ ತಂಡ, ಅಂದರೆ ಕ್ಯಾಬಿನೆಟ್ ಮಿಷನ್, ಕಳಿಸುವ ಮಾತನ್ನು ಲಂಡನ್ನಿನಲ್ಲಿ ಹೇಳಿದ್ದು ಫೆಬ್ರವರಿ 19ಕ್ಕೆ. ದಂಗೆಗೆ ಆಗ ಬರೀ ಎರಡನೇ ದಿನ.

ಪ್ರಶ್ನೆ: ಈ ದಂಗೆಯ ಗುರುತು ಮುಂಬಯಿಯಲ್ಲಿ ಈಗ ಎಲ್ಲಿದೆ?
– ಓದುಗರೊಬ್ಬರು, ಮುಲುಂಡ್

ಉತ್ತರ: ಕೊಲಾಬಾದ ಕೂಪರೇಜ್ ಹತ್ತಿರ ನಾವಿಕನ ಪ್ರತಿಮೆಯಿರುವ ಸ್ಮಾರಕವಿದೆ. ಕ್ಯಾಸಲ್ ಬ್ಯಾರಕ್ಸ್ ಈಗ ಐಎನ್‌ಎಸ್ ಆಂಗ್ರೆ. ನೌಕಾಪಡೆಯ ಜಾಗ, ಸುಮ್ನೆ ಒಳಗೆ ಬಿಡುವುದಿಲ್ಲ. ಹೊರಗಿನ ರಸ್ತೆಯಿಂದ ಗೋಡೆ ನೋಡಬಹುದು. ಹಾರ್ನಿಮನ್ ಸರ್ಕಲ್‌ನಿಂದ ನಡೆದೇ ಹೋಗಿ, ಟ್ಯಾಕ್ಸಿ ಬೇಡ.