ಮನೆಯಲ್ಲಿದ್ದೇ ಔಷಧಿ ತೆಗೆದುಕೊಳ್ಳಲಿ ಅಂತ ಕೋರ್ಟಿನಿಂದ ಆದೇಶ ತರಬಹುದಾ?

ನಿಮ್ಮ ಅಣ್ಣನಿಗೆ ಸ್ಕಿಜೋಫ್ರೇನಿಯಾ, ಆಸ್ಪತ್ರೆಯಿಂದ ಬಂದ ಎರಡೇ ತಿಂಗಳಿಗೆ ಮಾತ್ರೆ ಬಿಟ್ಟಿದ್ದಾರೆ, ಅಮೆರಿಕದ ಹಾಗೆ ಇಲ್ಲೂ ಕೋರ್ಟ್ ಆದೇಶ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುವುದಿಲ್ಲ. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ, ತುರ್ತು ಸಂದರ್ಭ ಬಿಟ್ಟರೆ, ಒಪ್ಪದವರಿಗೆ ಚಿಕಿತ್ಸೆ ಕೊಡಿಸುವ ದಾರಿ ಇರುವುದು ಆಸ್ಪತ್ರೆಗೆ ಸೇರಿಸಿ ಮಾತ್ರ.

ನನ್ನ ತಮ್ಮನಿಗೂ ಇದೇ ಕಾಯಿಲೆ, ಹನ್ನೊಂದು ವರ್ಷ ಆಯಿತು. ನಾನೂ ವಕೀಲರ ಮುಂದೆ ಕೂತು ಇದನ್ನೇ ಕೇಳಿದ್ದೆ.

ನೀವು ಹೇಳುತ್ತಿರುವುದು ನ್ಯೂಯಾರ್ಕಿನ ಕೆಂಡ್ರಾ ಕಾನೂನು ಇರಬೇಕು. 1999ರಲ್ಲಿ ಕೆಂಡ್ರಾ ವೆಬ್‌ಡೇಲ್ ಎಂಬ ಯುವತಿಯನ್ನು ಔಷಧಿ ಬಿಟ್ಟಿದ್ದ ರೋಗಿಯೊಬ್ಬ ರೈಲಿನ ಮುಂದೆ ತಳ್ಳಿದ ಮೇಲೆ ಬಂದದ್ದು. ಅಲ್ಲೂ ಮನೆಗೆ ಬಂದು ಬಾಯಿಗೆ ಮಾತ್ರೆ ತುರುಕುವ ಹಾಗಿಲ್ಲ. ಆದೇಶ ಪಾಲಿಸದಿದ್ದರೆ ಪರೀಕ್ಷೆಗೆ ಅಂತ 72 ಗಂಟೆವರೆಗೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬಹುದು, ಅಷ್ಟೇ. ಆದರೆ ಆದೇಶದ ಜೊತೆ ರೋಗಿಯನ್ನು ನೋಡಿಕೊಳ್ಳಲು ಒಬ್ಬ ಕೇಸ್ ಮ್ಯಾನೇಜರೋ ಒಂದು ತಂಡವೋ ಇರಲೇಬೇಕು. ನನಗೆ ಆಸೆ ಆಗುವುದು ಅದನ್ನು ನೋಡಿ. ಇಂಗ್ಲೆಂಡಿನಲ್ಲಿ 336 ರೋಗಿಗಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು, ಅಲ್ಲಿನ ಇಂಥದ್ದೇ ಆದೇಶದಿಂದ ಮತ್ತೆ ಆಸ್ಪತ್ರೆ ಸೇರುವವರೇನೂ ಕಡಿಮೆ ಆಗಿರಲಿಲ್ಲ.

ಮೊದಲು ಅಣ್ಣ ಮಾತ್ರೆ ಯಾಕೆ ಬಿಟ್ಟರು ಅಂತ ಕೇಳಿ, ಬೈಯದೆ ಕೇಳಿ. ನನ್ನ ತಮ್ಮ ಮೂರು ಸಲ ಬಿಟ್ಟ, ಮೂರು ಸಲವೂ ನಾವು ಹಟ ಅಂದುಕೊಂಡೆವು. ಕೊನೆಗೆ ಒಂದು ದಿನ ಅವನೇ ಹೇಳಿದ, "ಕೈ ನಡುಗುತ್ತೆ ಅಕ್ಕ, ಹೋಟೆಲಿನಲ್ಲಿ ಕಾಫಿ ಲೋಟ ಹಿಡಿದರೆ ಎಲ್ಲರೂ ನೋಡ್ತಾರೆ." ಡಾಕ್ಟರಿಗೆ ಹೇಳಿದ್ದಕ್ಕೆ ಔಷಧಿ ಬದಲಾಯಿಸಿದರು. ಈಗ ತಿಂಗಳಿಗೊಂದು ಇಂಜೆಕ್ಷನ್, ಅವನೇ ಒಪ್ಪಿಕೊಂಡದ್ದು. ದಿನಾ ಮಾತ್ರೆ ನುಂಗಿದೆಯಾ ಅಂತ ಅಮ್ಮ ಕೇಳುವುದು ತಪ್ಪಿತು, ಮನೆಯಲ್ಲಿ ಅರ್ಧ ಜಗಳ ಅಲ್ಲಿಗೇ ನಿಂತಿತು.

ಹಾಗಂತ ಕೈಮೀರಿದರೂ ಸುಮ್ನೆ ಕಾಯಬೇಡಿ. ಅವರಿಂದ ಅವರಿಗೋ ಬೇರೆಯವರಿಗೋ ಅಪಾಯ ಇದ್ದರೆ ನಮ್ಮ 2017ರ ಕಾಯ್ದೆಯ ಸೆಕ್ಷನ್ 89ರಲ್ಲಿ 30 ದಿನದವರೆಗೆ ಆಸ್ಪತ್ರೆಗೆ ಸೇರಿಸಬಹುದು, ಅರ್ಜಿ ಕೊಡಬೇಕಾದವರು ರೋಗಿಯ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ತನ್ನ ಪರವಾಗಿ ಇರಲಿ ಅಂತ ರೋಗಿಯೇ ಹೆಸರಿಸಿದವರು. ಬರಲು ಒಪ್ಪದಿದ್ದರೆ ಸೆಕ್ಷನ್ 102ರಲ್ಲಿ ಮ್ಯಾಜಿಸ್ಟ್ರೇಟ್ ಆಸ್ಪತ್ರೆಗೆ ಕಳಿಸಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ನಿಮಗೆ ಧೈರ್ಯ ಬೇಕಾದಾಗಲೂ ಮಾಡಿ.

ಆ ಪ್ರತಿನಿಧಿ ಯಾರಾಗಬೇಕು ಅಂತ ಅಣ್ಣ ಚೆನ್ನಾಗಿರುವ ದಿನವೇ ಅವರನ್ನೇ ಕೇಳಿ, ಬಿಳಿ ಹಾಳೆಯಲ್ಲಿ ಬರೆದು ಅವರ ಸಹಿ ಹಾಕಿಸಿಕೊಳ್ಳಿ.