ಮೂರೋ, ಆರೋ?

ನಮಸ್ಕಾರ,

ರೋಲರ್ ಕೋಸ್ಟರ್‌ನಲ್ಲಿ ತಲೆಕೆಳಗಾಗುವ ತಿರುವುಗಳಿಗೆ ಹೆಸರು ಹೇಗೆ ಬಂತು, ಅವನ್ನು ಎಣಿಸುವುದು ಹೇಗೆ ಎಂದು ನೀವು ಬರೆದು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡುವ ಲೇಖನವೂ ಅಲ್ಲ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಹೈಸ್ಕೂಲ್ ಮಕ್ಕಳು ನಮ್ಮ ಓದುಗರು. ಹೆಚ್ಚಿನವರು ಕೋಸ್ಟರನ್ನು ನೋಡಿದ್ದು ಮೊಬೈಲಿನಲ್ಲಿ ಮಾತ್ರ. ಅವರಿಗೆ ಅರ್ಥ ಆಗಬೇಕು ಎನ್ನುವುದೇ ನನ್ನ ಹಟ.

ಮೊದಲು ದೊಡ್ಡ ತಪ್ಪು ಹೇಳುತ್ತೇನೆ. ಬೂಮರಾಂಗ್ ಮಾದರಿಯ ಕೋಸ್ಟರ್‌ಗೆ ಮೂರು ಇನ್ವರ್ಷನ್, ಅಂದರೆ ತಲೆಕೆಳಗಾಗುವ ತಿರುವು, ಎಂದು ಎರಡನೇ ಪುಟದಲ್ಲಿ ಬರೆದಿದ್ದೀರಿ. ನಾಲ್ಕನೇ ಪುಟದಲ್ಲಿ ಅಂಥದ್ದನ್ನೇ ಹತ್ತಿ ಇಳಿದ ಅನುಭವ ಹೇಳುವಾಗ, ಆರು ಸಲ ತಲೆಕೆಳಗಾದೆ ಎನ್ನುತ್ತೀರಿ. ಓದುವ ಹುಡುಗಿ ಅಲ್ಲೇ ನಿಂತುಬಿಡುತ್ತಾಳೆ. ಮೂರೋ, ಆರೋ?

ಎರಡೂ ಸರಿ. ಹಳಿಯಲ್ಲಿ ಇರುವುದು ಮೂರೇ. ಹಾವಿನ ಹೆಡೆಯಂಥ ಕೋಬ್ರಾ ರೋಲ್‌ನಲ್ಲಿ ಎರಡು, ನೆಟ್ಟಗೆ ಮೇಲೇರಿ ಪೂರ್ತಿ ಸುತ್ತು ಹಾಕುವ ಲೂಪ್‌ನಲ್ಲಿ ಒಂದು. ಗಾಡಿ ಮುಂದೆ ಹೋಗಿ, ಅದೇ ಹಳಿಯಲ್ಲಿ ಹಿಂದಕ್ಕೆ ಬರುತ್ತದೆ. ಆದ್ದರಿಂದ ಕೂತವರ ಲೆಕ್ಕಕ್ಕೆ ಆರು. ದಾಖಲೆಯಲ್ಲಿ ಬರೆಯುವುದು ಹಳಿಯ ಲೆಕ್ಕ. ಇದನ್ನು ವಿವರಿಸುವ ಹೋಲಿಕೆ ನಿಮ್ಮ ಕೈಯಲ್ಲೇ ಇದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಕೊನೇ ಪ್ಯಾರಾದಲ್ಲಿ ಸುಮ್ನೆ ಅಲಂಕಾರಕ್ಕೆ ತಂದಿಟ್ಟಿದ್ದೀರಲ್ಲ, ಅದೇ. ಉಡುಪಿಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬಂದರೆ ಬಸ್ಸು 28 ಸಲ ತಿರುಗುತ್ತದೆ. ಆದರೂ ಆಗುಂಬೆಗೆ 28 ತಿರುವು ಎಂದು ಯಾರೂ ಹೇಳುವುದಿಲ್ಲ. ಲೇಖನ ಇಲ್ಲಿಂದಲೇ ಶುರುವಾಗಲಿ. ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ 2013ರಲ್ಲಿ ಶುರುವಾದ ಸ್ಮೈಲರ್ ಎಂಬ ಕೋಸ್ಟರ್‌ನಲ್ಲಿರುವ ಇನ್ವರ್ಷನ್‌ಗಳೂ 14. ಈ ಎರಡು ಹದಿನಾಲ್ಕನ್ನು ಪಕ್ಕಪಕ್ಕ ಇಟ್ಟು ನೋಡಿ.

ಎಣಿಕೆಯಲ್ಲಿ ಇನ್ನೆರಡು ಕಡೆ ಜಾರಿದ್ದೀರಿ. ಹೆಸರುಗಳನ್ನು ಎಣಿಸಿ ಮೊತ್ತ ಹಾಕಿದ್ದೀರಿ. ಒಂದು ಹೆಸರು ಅಂದರೆ ಒಂದೇ ಇನ್ವರ್ಷನ್ ಎಂದಲ್ಲ. ಕೋಬ್ರಾ ರೋಲ್, ಬ್ಯಾಟ್‌ವಿಂಗ್ ಎರಡಕ್ಕೂ ಹೆಸರು ಒಂದೊಂದು, ಲೆಕ್ಕ ಎರಡೆರಡು. ಅಮೆರಿಕದ ಮಿಲೇನಿಯಂ ಫೋರ್ಸ್ ಕೋಸ್ಟರ್‌ನ ತಿರುವುಗಳನ್ನೂ ಪಟ್ಟಿಗೆ ಸೇರಿಸಿದ್ದೀರಿ. ಅಲ್ಲಿ ಹಳಿ 122 ಡಿಗ್ರಿವರೆಗೆ ವಾಲುತ್ತದೆ, ನಿಜ. ಆದರೆ ಅದು ಜಾಸ್ತಿ ವಾಲಿದ ತಿರುವು, ಇನ್ವರ್ಷನ್ ಅಲ್ಲ. ಅದನ್ನು ತೆಗೆಯಿರಿ.

ಇನ್ನು ಹೆಸರುಗಳು. ನೀವು ಬಳಸಿರುವ 'ಅಧೋಮುಖ ಪರಿಭ್ರಮಣ' ಬೇಡ. ಇನ್ವರ್ಷನ್ ಎಂದೇ ಬರೆಯಿರಿ, ಮೊದಲ ಸಲ ಬಂದಾಗ 'ತಲೆಕೆಳಗಾಗುವ ತಿರುವು' ಎಂದು ಬಿಡಿಸಿ ಹೇಳಿ. ಕಾರ್ಕ್‌ಸ್ಕ್ರೂ ಚಕ್ಕುಲಿ ಹಾಗೆ ಇರುತ್ತದೆ ಎಂದಿದ್ದೀರಿ. ಚಕ್ಕುಲಿ ತಟ್ಟೆಯಲ್ಲಿ ಮಲಗಿದಲ್ಲೇ ಸುತ್ತುತ್ತದೆ. ಕಾರ್ಕ್‌ಸ್ಕ್ರೂ ಸುತ್ತುತ್ತಾ ಮುಂದೆ ಹೋಗಬೇಕು. ಬಡಗಿಯ ಬೈರಿಗೆಯ ಸುರುಳಿ ನೋಡಿದ್ದೀರಲ್ಲ, ಹಾಗೆ. ಕೋಬ್ರಾ ರೋಲ್‌ಗೆ ಹೋಲಿಕೆ ಹುಡುಕಲೇಬೇಕಿಲ್ಲ. ನಮ್ಮ ಊರುಗಳ ನಾಗರಕಲ್ಲನ್ನು ನೆನಪಿಸಿದರೆ ಸಾಕು. ಎದುರಿನಿಂದ ನೋಡಿದಾಗ ಹಳಿ ಬಿಚ್ಚಿದ ಹೆಡೆಯಂತೆ ಕಾಣುತ್ತದೆ, ಹೆಸರು ಬಂದದ್ದೂ ಅದರಿಂದಲೇ.

ಇಮ್ಮೆಲ್‌ಮಾನ್, ಡೈವ್ ಲೂಪ್ ಎಂಬ ಎರಡು ಇನ್ವರ್ಷನ್‌ಗಳು ನಿಮ್ಮಲ್ಲಿ ಅದಲುಬದಲಾಗಿವೆ. ಕೈ ಚಾಚಿ ನೋಡಿ. ಅಂಗೈಯೇ ಗಾಡಿಯ ಚಕ್ರ ಎಂದುಕೊಳ್ಳಿ, ಅದು ನೆಲ ನೋಡುತ್ತಿರಲಿ. ಕೈಯನ್ನು ಹಾಗೇ ಎತ್ತಿ, ಬೆರಳು ಹಿಂದಕ್ಕೆ ಬರುವಂತೆ ತಲೆಯ ಮೇಲೆ ತನ್ನಿ. ಈಗ ಅಂಗೈ ಆಕಾಶ ನೋಡುತ್ತದೆ, ಅರ್ಧ ಲೂಪ್ ಆಯಿತು. ಅಲ್ಲೇ ಕೈ ತಿರುಚಿ, ಅಂಗೈ ಮತ್ತೆ ನೆಲ ನೋಡಲಿ. ಇದು ಇಮ್ಮೆಲ್‌ಮಾನ್. ಮೊದಲ ಮಹಾಯುದ್ಧದ ಜರ್ಮನ್ ವಿಮಾನ ಚಾಲಕ ಮ್ಯಾಕ್ಸ್ ಇಮ್ಮೆಲ್‌ಮಾನ್ ಹೆಸರು ಅದು. ಮೇಲೇರಿ ಮೊದಲು ತಿರುಚಿಕೊಂಡು, ಆಮೇಲೆ ಅರ್ಧ ಲೂಪಿನಲ್ಲಿ ಕೆಳಗಿಳಿದರೆ ಡೈವ್ ಲೂಪ್. ನಾನು ಆಫೀಸಿನಲ್ಲಿ ಇದನ್ನು ಮಾಡಿ ನೋಡಿದ ಮೇಲೇ ನಿಮ್ಮ ತಪ್ಪು ಹೊಳೆದದ್ದು. ಮಕ್ಕಳೂ ಕ್ಲಾಸಿನಲ್ಲಿ ಮಾಡಿ ನೋಡಲಿ, ಈ ಕೈ ಆಟವನ್ನು ಲೇಖನದಲ್ಲಿ ಸೇರಿಸಿ.

ಲೂಪ್ ನೀರ ಹನಿಯ ಆಕಾರದಲ್ಲಿರುವುದು ಚಂದಕ್ಕೆ ಎಂದಿದ್ದೀರಿ. ಚಂದಕ್ಕಲ್ಲ, ಕುತ್ತಿಗೆಗೋಸ್ಕರ. 1895ರಲ್ಲಿ ಅಮೆರಿಕದ ಕೋನಿ ಐಲೆಂಡ್‌ನ ಫ್ಲಿಪ್ ಫ್ಲ್ಯಾಪ್ ರೈಲ್ವೆ ಎಂಬ ಕೋಸ್ಟರ್‌ನ ಲೂಪ್ ಬಳೆಯಂತೆ ಪೂರ್ತಿ ಗುಂಡಗಿತ್ತು. ಗಾಡಿ ಜೋರಾಗಿ ಬಂದು ಬುಡದಲ್ಲಿ ಒಮ್ಮೆಲೇ ಬಾಗಿದಾಗ ಕೂತವರ ಕುತ್ತಿಗೆಗೆ ಏಟು ಬೀಳುತ್ತಿತ್ತು. ವೇಗ ಹೆಚ್ಚಿರುವ ಬುಡದಲ್ಲಿ ಬಾಗು ಅಗಲವಾಗಿರಬೇಕು, ವೇಗ ತಗ್ಗುವ ತುದಿಯಲ್ಲಿ ಬಿಗಿಯಾಗಿರಬಹುದು. ಹಾಗೆ ಮಾಡಿದರೆ ಹನಿಯ ಆಕಾರ ತಾನಾಗಿ ಬರುತ್ತದೆ. 1976ರ ಕ್ಯಾಲಿಫೋರ್ನಿಯಾದ ರೆವಲ್ಯೂಷನ್ ಕೋಸ್ಟರ್‌ನ ಲೂಪ್ ಹೀಗೇ ಇದೆ. ಈ ಭಾಗಕ್ಕೆ ನೀವು ಕೊಟ್ಟಿರುವುದು ಎರಡೇ ಸಾಲು. ನನಗೆ ಅರ್ಧ ಪುಟ ಬೇಕು. ಜಾಗ ಸಾಲದಿದ್ದರೆ ಟಿಕೆಟ್ ದರ, ಕ್ಯೂ, ಊಟದ ವಿವರವನ್ನೆಲ್ಲ ಕತ್ತರಿಸಿ.

ನಿಮ್ಮ ಒಂದು ಸಾಲನ್ನು ಮಾತ್ರ ಮುಟ್ಟಬೇಡಿ. ಲೂಪಿನ ತುದಿಯಲ್ಲಿ ಜೇಬಿನ ಚಿಲ್ಲರೆ ಸದ್ದೇ ಮಾಡಲಿಲ್ಲ ಎಂದು ಬರೆದಿದ್ದೀರಲ್ಲ, ಅದು. ಅದನ್ನು ಓದಿ ನನಗೂ ಹೊಟ್ಟೆ ಜುಂ ಎಂದಿತು.

ಚಿತ್ರ ನೀವೇ ಬರೆಯಿರಿ, ಪೆನ್ಸಿಲ್ ಆದರೂ ಸಾಕು. ತಿದ್ದಿ ಈ ತಿಂಗಳೊಳಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಇಟ್ಟುಕೊಂಡಿರುತ್ತೇನೆ.

ಪ್ರೀತಿಯಿಂದ,
ಸಂಪಾದಕ, ಶಿವಮೊಗ್ಗ